ಬಿಚ್ಚುವ ಬೆಲೆ, ಇರುವ ಬೆಲೆ

ಹಳೆಯ ಮನೆ ನೋಡಲು ಹೋದವರು ಮೊದಲು ನೆಲ ನೋಡುತ್ತಾರೆ, ಆಮೇಲೆ ಗೋಡೆ. ನಾನು ಮೊದಲು ತಲೆ ಎತ್ತಿ ಮಾಡನ್ನು, ಅಂದರೆ ಛಾವಣಿಯನ್ನು, ನೋಡುತ್ತೇನೆ. ಇಪ್ಪತ್ತಮೂರು ವರ್ಷಗಳಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಸುತ್ತಮುತ್ತ ಹಳೆ ಮನೆ ಬಿಚ್ಚುವುದು ನನ್ನ ಕಸುಬು. ಹೊಸ ಮನೆ ಕಟ್ಟಿಸುವವರು ಹಳೆಯದನ್ನು ಏನು ಮಾಡುವುದೆಂದು ತಲೆ ಕೆರೆದುಕೊಳ್ಳುವ ಹೊತ್ತಿಗೆ ನಾನು ಹೋಗುತ್ತೇನೆ. ತೊಲೆ, ಪಕಾಸಿ, ಬಾಗಿಲು, ಕಿಟಕಿ, ಹಂಚು ಎಲ್ಲಕ್ಕೂ ಸೇರಿಸಿ ಒಂದು ದರ ಹೇಳುತ್ತೇನೆ. ಒಪ್ಪಿದರೆ ವಾರದೊಳಗೆ ಬಿಚ್ಚಿ, ಟೆಂಪೋಕ್ಕೆ ಹೇರಿ, ಗೋದಾಮಿಗೆ ತಂದು, ಬೇಕಾದವರಿಗೆ ಬಿಡಿಬಿಡಿಯಾಗಿ ಮಾರುತ್ತೇನೆ. ಜಾಗ ಅವರದ್ದು, ಸಾಮಾನು ನನ್ನದು.

ಈ ಕಸುಬನ್ನು ನನಗೆ ಯಾರೂ ಕಲಿಸಲಿಲ್ಲ. ಮನ್ಮನೆ ಕಡೆಯ ಗದ್ದೆ ಮಾಡುವ ಮನೆಯ ನಾಲ್ಕನೆಯ ಮಗ ನಾನು. ನಾಲ್ಕು ಪಾಲಾದ ಗದ್ದೆಯಲ್ಲಿ ನನ್ನ ಪಾಲು ಎಷ್ಟೆಂದು ಕೇಳಬೇಡಿ. ಮೊದಲ ವ್ಯಾಪಾರ ಇನ್ನೂರು ಹಂಚಿನದು. ಯಾರೋ ಎಸೆಯಲೆಂದು ಒಟ್ಟಿದ್ದನ್ನು ಕೇಳಿ ತಂದು, ತೊಳೆದು, ಕೊಟ್ಟಿಗೆ ಕಟ್ಟುವವರೊಬ್ಬರಿಗೆ ಮಾರಿದೆ. ತೊಳೆದ ಹಂಚಿಗೆ ತೊಳೆಯದ ಹಂಚಿನ ಎರಡರಷ್ಟು ಬೆಲೆ ಎಂಬುದು ಅಂದು ಕಲಿತ ಪಾಠ. ಅಲ್ಲಿಂದ ಇಲ್ಲಿಯವರೆಗೆ ಎಪ್ಪತ್ತಕ್ಕೂ ಹೆಚ್ಚು ಮನೆ ಬಿಚ್ಚಿದ್ದೇನೆ. ಒಳಗೆ ಕಾಲಿಟ್ಟ ಹತ್ತು ನಿಮಿಷಕ್ಕೆ ಬೆಲೆ ಹೇಳಬಲ್ಲೆ, ಹೇಳಿದ ಮೇಲೆ ಪಶ್ಚಾತ್ತಾಪ ಪಟ್ಟದ್ದು ಕಡಿಮೆ.

ಅಂಥ ನಾನು ಯಲ್ಲಾಪುರದ ಒಂದು ಮನೆಗೆ ಎಷ್ಟು ಕೊಡಬಹುದು ಎಂದು ತೀರ್ಮಾನಿಸಲು ಹನ್ನೊಂದು ದಿನ ತೆಗೆದುಕೊಂಡೆ. ಯಾಕೆಂದರೆ ಅದು ಬಿಚ್ಚಲಿಕ್ಕೆ ಅಲ್ಲ, ನಾವೇ ಇರಲಿಕ್ಕೆ.

ನಾನೂ ಹೆಂಡತಿಯೂ ಹತ್ತೊಂಬತ್ತು ವರ್ಷ ಇದ್ದದ್ದು ಶಿರಸಿಯಲ್ಲಿ, ಗೋದಾಮಿನ ಹಿಂದಿನ ಎರಡು ಬಾಡಿಗೆ ಕೋಣೆಗಳಲ್ಲಿ. ಜಾಗದ ಯಜಮಾನರಿಗೆ ಅಲ್ಲಿ ಅಂಗಡಿ ಮಳಿಗೆ ಕಟ್ಟಿಸುವ ಮನಸ್ಸಾಯಿತು. ಗೋದಾಮಿಗೆ ಯಲ್ಲಾಪುರದ ಹೊರಗೆ, ಹೆದ್ದಾರಿ ಬದಿಯಲ್ಲಿ, ಕಡಿಮೆ ಬಾಡಿಗೆಯ ಜಾಗ ಸಿಕ್ಕಿತು. ಇರಲು ಮಾತ್ರ ಇನ್ನು ಬಾಡಿಗೆ ಮನೆ ಬೇಡ, ಸ್ವಂತದ್ದೇ ಆಗಬೇಕು ಎಂದು ಹೆಂಡತಿ ಪಟ್ಟು ಹಿಡಿದಳು. ನಮ್ಮ ಕೈಯಲ್ಲಿದ್ದದ್ದು ಮೂವತ್ತು ಲಕ್ಷ. ಹಳೇ ಮಣ್ಣಿನ ಗೋಡೆಯ ಮನೆ ಎಂದರೆ ಬ್ಯಾಂಕಿನವರು ಸಾಲದ ಅರ್ಜಿಯನ್ನೇ ಕೊಡಲಿಲ್ಲ. ಕೊಳ್ಳುವುದು, ರಿಪೇರಿ ಮಾಡಿಸುವುದು, ಎಲ್ಲ ಆ ಮೂವತ್ತರೊಳಗೆ ಮುಗಿಯಬೇಕು. ಮೀರಿದರೆ ಮತ್ತೆ ಬಾಡಿಗೆಯೇ ಗತಿ.

ಮನೆ ಇದ್ದದ್ದು ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ಹಳೆಯ ಓಣಿಯಲ್ಲಿ. ಐದಂಕಣದ ಹಂಚಿನ ಮನೆ, ಮೂರು ವರ್ಷದಿಂದ ಖಾಲಿ. ಅದಕ್ಕೆ ಅಂಟಿಕೊಂಡೇ ಎಡಕ್ಕೆ ಇನ್ನೊಂದು ಮನೆ, ಮುಂಭಾಗಕ್ಕೆ ಹೊಸದಾಗಿ ಹಸಿರು ಬಣ್ಣ ಹೊಡೆದದ್ದು. ಮಾರುವವರು ಆ ಹಸಿರು ಮನೆಯಲ್ಲೇ ಇರುವ ಲಾರಿ ವ್ಯಾಪಾರದ ಮನೆತನ. ಇಬ್ಬರು ತಮ್ಮಂದಿರಿಗೆ ಲಾರಿ ಓಡಿಸುವುದು ಗೊತ್ತು. ಮಾತಾಡುವುದು, ದರ ಕುದುರಿಸುವುದು ಅಕ್ಕನ ಕೆಲಸ. ಖಾಲಿ ಮನೆ ಅವರ ಚಿಕ್ಕಪ್ಪನದಾಗಿತ್ತು. ಅವರಿಗೆ ಮಕ್ಕಳಿಲ್ಲದ್ದರಿಂದ ಇವರಿಗೆ ಬಂದಿತ್ತು. ಆಸ್ತಿಯ ಉತಾರದಲ್ಲಿ ಮೂವರ ಹೆಸರೂ ಸರಿಯಾಗಿಯೇ ಇತ್ತು. ಅದನ್ನು ಮೊದಲೇ ತೆಗೆಸಿ ನೋಡಿದ್ದೆ. ನೀವೂ ಹಾಗೇ ಮಾಡಿ. ಮನೆ ನೋಡಿ ಆಸೆಪಟ್ಟ ಮೇಲೆ ಕಾಗದ ನೋಡಿದರೆ ಕಣ್ಣಿಗೆ ತಪ್ಪು ಕಾಣುವುದಿಲ್ಲ.

"ಬರ್ರಿ ಭಾಯಿ, ಒಳಗ ಬರ್ರಿ" ಎಂದು ಆ ಅಕ್ಕ ಬೀಗ ತೆಗೆದರು. ಐವತ್ತೈದರ ಆಸುಪಾಸಿನ ಹೆಂಗಸು. ಕೈಯಲ್ಲಿ ಚಹಾದ ಲೋಟ, ಕಣ್ಣು ನನ್ನ ಮೇಲೆ. ನಾನು ಟೇಪು ಹಿಡಿದು ಒಂದೊಂದೇ ಕೋಣೆ ಅಳೆಯುತ್ತ ಹೋದೆ. ತೊಲೆಗಳೆಲ್ಲ ಮತ್ತಿ ಮರದವು, ಕಪ್ಪಗೆ ಮಿರಿಮಿರಿ. ಏಣಿ ಇತ್ತು, ಹತ್ತಿ ಕೈಯಾಡಿಸಿದೆ. ಎಲ್ಲ ಮುಗಿಸಿ ಕೆಳಗಿಳಿದರೆ ಅಕ್ಕ ಮೇಲೆ ನೋಡುತ್ತ ನಿಂತಿದ್ದರು.

"ಇದೇನ್ರಿ? ತೊಲಿ ಮ್ಯಾಲ ಒಂದು, ಎರಡು, ಮೂರು ಅಂತ ಬರದೀರಿ? ಇವೇನು ಶಾಲಿಗೆ ಹೊಂಟಾವೇನು?"

ನಾನೂ ಮೇಲೆ ನೋಡಿದೆ. ಒಂಬತ್ತು ತೊಲೆಗೂ ಸೀಮೆಸುಣ್ಣದಲ್ಲಿ ನಂಬರು ಬಿದ್ದಿತ್ತು. ಮನೆ ಬಿಚ್ಚುವ ಮೊದಲು ಪ್ರತಿ ಮರಕ್ಕೂ ನಂಬರು ಹಾಕುವುದು ನಮ್ಮಲ್ಲಿ ಪದ್ಧತಿ. ಇಲ್ಲದಿದ್ದರೆ ಗೋದಾಮಿನಲ್ಲಿ ಯಾವುದು ಯಾವ ಮನೆಯದೆಂದು ಗೊತ್ತಾಗುವುದಿಲ್ಲ. ಸೀಮೆಸುಣ್ಣ ಸದಾ ಜೇಬಿನಲ್ಲಿರುತ್ತದೆ. ಯಾವಾಗ ತೆಗೆದೆ, ಯಾವಾಗ ಬರೆದೆ, ನನಗೇ ನೆನಪಿರಲಿಲ್ಲ.

"ಅಭ್ಯಾಸ ಅಕ್ಕಾ. ಕೈ ತಾನೇ ಬರೀತದೆ."

"ಕೈಯಾಗ ಇದ್ದದ್ದು ತಲ್ಯಾಗೂ ಇರತೈತಿ. ನೀವು ಬಿಚ್ಚೋ ಮಂದಿ ಅಂತ ಓಣಿಯವರು ಆಗಲೇ ಹೇಳ್ಯಾರ. ಕೇಳ್ರಿ, ಎರಡು ಬೆಲೆ ಐತಿ. ಬಿಚ್ಚೋದಾದ್ರ ಇಪ್ಪತ್ತೆಂಟು ಲಕ್ಷ. ಇರೋದಾದ್ರ ಇಪ್ಪತ್ನಾಕು."

"ನಾವು ಇರೂದಕ್ಕೇ ಕೇಳ್ತಿರೂದು."

"ನಾಕು ಲಕ್ಷ ಕಡಿಮಿ ಆಗತೈತಿ ಅಂದ್ರ ಯಾರು ಬಿಚ್ಚತೀನಿ ಅಂತಾರ ಭಾಯಿ? ಎಲ್ಲಾರೂ ಇರತೀನಿ ಅನ್ನೋರ."

"ಬೇಕಾದ್ರೆ ಬರ್ಕೊಡ್ತೇನೆ."

"ನೀವು ಬರದ ಕಾಗದ ಮಾಡು ಹಿಡೀತೈತೇನು?" ಎಂದು ಅಕ್ಕ ಲೋಟ ತೆಗೆದುಕೊಂಡು ಹೊರಟೇಬಿಟ್ಟರು.

ಇಪ್ಪತ್ತಮೂರು ವರ್ಷದಲ್ಲಿ ಒಂದೇ ಮನೆಗೆ ಎರಡು ಬೆಲೆ ಹೇಳಿದವರನ್ನು ನಾನು ಕಂಡಿರಲಿಲ್ಲ. ಟೆಂಪೋ ಓಡಿಸುತ್ತ ಶಿರಸಿಗೆ ಬರುವವರೆಗೂ ಅದನ್ನೇ ಮಗುಚಿ ಹಾಕಿದೆ. ಜಾಗಕ್ಕೆ ಆ ಓಣಿಯಲ್ಲಿ ಇಪ್ಪತ್ತು ನಡೆಯುತ್ತದೆ. ಸಾಮಾನು ಬಿಚ್ಚಿ ಮಾರಿದರೆ ಆರೂವರೆ. ಅಂದರೆ ಬಿಚ್ಚುವವನು ಎಷ್ಟೇ ಎಳೆದರೂ ಇಪ್ಪತ್ತಾರೂವರೆ ದಾಟುವ ಹಾಗಿಲ್ಲ. ಇಪ್ಪತ್ತೆಂಟು ಕೊಟ್ಟು ಬಿಚ್ಚುವ ಮೂರ್ಖ ಈ ಮೂರು ತಾಲೂಕಿನಲ್ಲಿ ಇಲ್ಲ. ಇಷ್ಟು ಚುರುಕಿನ ಹೆಂಗಸಿಗೆ ಅದು ಗೊತ್ತಿಲ್ಲವೇ? ಹಾಗಾದರೆ ಆ ಬೆಲೆ ಹೇಳಿದ್ದು ಯಾಕೆ? ಮನೆಯ ಮೇಲಿನ ಮಮತೆ ಇರಬೇಕು ಎಂದುಕೊಂಡೆ. ಮಮತೆ ಇರುವವರ ಹತ್ತಿರ ವ್ಯಾಪಾರ ಸುಲಭ. ಬಾಗಿಲನ್ನು ಹೊಗಳಿ, ಚಿಕ್ಕಪ್ಪನ ಬಗ್ಗೆ ನಾಲ್ಕು ಮಾತು ಕೇಳಿದರೆ ಒಂದು ಲಕ್ಷ ಇಳಿಯುತ್ತದೆ.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಇದ್ದಳು.

"ನೋಡ್ಕಂಡು ಬಂದ್ರಾ? ಹೆಂಗದೆ?"

"ಒಳ್ಳೇ ಮಾಲು."

"ನಾನು ಮನೆ ಕೇಳಿದ್ದು ಮಾರಾಯ್ರೇ, ಮಾಲಲ್ಲ. ಅಡಿಗೆ ಮನೆ ಕಿಡಕಿ ಯಾವ ಕಡೆಗೆ ಅದೆ?"

"ಹಲಸಿನ ಕಿಡಕಿ. ಮೂರೂವರೆ ಅಡಿ. ನಾಕು ಸಾವಿರಕ್ಕೆ ಹೋಗ್ತದೆ."

"ಎಲ್ಲಿಗೆ ಹೋಗ್ತದೆ? ಅದು ಅಲ್ಲೇ ಇರೂದಲ್ವಾ?"

ನಾನು ಟೇಪನ್ನು ಮೊಳೆಗೆ ತೂಗುಹಾಕಿದೆ. ಅವಳು ಬಿಡಲಿಲ್ಲ.

"ಬಾವಿ ನೀರು ಹೆಂಗದೆ?"

"ಬಾವಿ ನೋಡ್ಲಿಲ್ಲ."

"ಮನೆ ತಗಳುಕೆ ಹೋಗಿ ಬಾವಿ ನೋಡ್ದೇ ಬಂದ್ರಾ?"

"ಬಾವಿ ಬಿಚ್ಚುಕಾಗ್ತದನೇ?" ಎಂದೆ. ಅವಳು ನನ್ನನ್ನು ನೋಡಿದ ರೀತಿಗೆ ಬೆಲೆ ಕಟ್ಟಲು ಬರುವುದಿಲ್ಲ.

ಆದರೆ ಅವಳ ಮಾತಿನಿಂದ ಲೆಕ್ಕದ ತಪ್ಪು ತಿಳಿಯಿತು. ಇರುವವನಿಗೆ ಆ ಆರೂವರೆ ಲಕ್ಷದ ಸಾಮಾನು ಒಂದು ರೂಪಾಯಿಯನ್ನೂ ಕೊಡುವುದಿಲ್ಲ, ತೊಲೆ ತಲೆಯ ಮೇಲೆಯೇ ಇರುತ್ತದೆ. ಬಿಚ್ಚುವವನು ಚೆನ್ನಾಗಿರುವುದನ್ನು ಎಣಿಸುತ್ತಾನೆ, ಇರುವವನು ಹಾಳಾದದ್ದನ್ನು ಎಣಿಸಬೇಕು. ನಾನು ಇಷ್ಟು ವರ್ಷ ಎಣಿಸದೆ ಬಿಟ್ಟದ್ದನ್ನೆಲ್ಲ ಈಗ ಎಣಿಸಬೇಕಾಗಿತ್ತು. ನಿಜ ಹೇಳುತ್ತೇನೆ, ಅದು ನನಗೆ ಬೇಜಾರು ತರಲಿಲ್ಲ, ಮೋಜೆನಿಸಿತು. ಇಪ್ಪತ್ತಮೂರು ವರ್ಷ ಓದಿದ ಪುಸ್ತಕವನ್ನು ಹಿಂದಿನಿಂದ ಓದಿದ ಹಾಗೆ.

ನಾಲ್ಕು ದಿನ ಬಿಟ್ಟು ಗಾರೆ ಕೆಲಸದ ಗೌಂಡಿಯೊಬ್ಬನನ್ನು ಕರೆದುಕೊಂಡು ಮತ್ತೆ ಹೋದೆ. ಹತ್ತಾರು ವರ್ಷದಿಂದ ನನ್ನ ಜೊತೆ ಗೋಡೆ ಕೆಡವಿದ ಮನುಷ್ಯ. ಕೆಡವಿದವನಿಗೆ ಗೋಡೆ ಎಲ್ಲಿ ದುರ್ಬಲ ಎಂಬುದು ಕಟ್ಟಿದವನಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅಕ್ಕ ಬೀಗದ ಕೈ ಕೊಟ್ಟು, "ಇವತ್ತು ಏನು ಬರೀತೀರಿ? ಮಗ್ಗಿ?" ಎಂದು ಕೇಳಿ ಹಸಿರು ಮನೆಗೆ ಹೋದರು.

ಹಳೆ ಮನೆಯ ಮಾಡು ನೋಡಲು ಮಧ್ಯಾಹ್ನವೇ ಹೋಗಬೇಕು. ಬಾಗಿಲು ಕಿಟಕಿ ಎಲ್ಲ ಮುಚ್ಚಿ ಒಳಗೆ ಕತ್ತಲು ಮಾಡಿ, ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ಕೂತಿರಬೇಕು. ಆಗ ಹಂಚು ಎಲ್ಲೆಲ್ಲಿ ಒಡೆದಿದೆಯೋ ಅಲ್ಲಲ್ಲಿ ಬೆಳಕಿನ ಚುಕ್ಕಿ ಕಾಣುತ್ತದೆ. ನೆಲದ ಮೇಲೆ ಬಿದ್ದ ಚುಕ್ಕಿ ಎಣಿಸಿದರೂ ಸಾಕು, ಏಣಿ ಹತ್ತುವುದೇ ಬೇಡ. ನಾವು ಹಾಗೆ ಕೂತು ಎಣಿಸಿದೆವು. ಮೂವತ್ತೊಂದು ಚುಕ್ಕಿ.

"ಮಾಡು ಪೂರ್ತಿ ಇಳಿಸಿ ಏರ್ಸೂದೇ ಒಳ್ಳೇದು" ಎಂದ ಗೌಂಡಿ.

"ಎಷ್ಟಾಗ್ತದೆ?"

"ನಿಮ್ಗೋ, ಬೇರೆಯವ್ರಿಗೋ?"

"ಮನೆ ನಿಂದೇ ಅಂದ್ಕ. ನೀನಾದ್ರೆ ಏನು ಮಾಡಿಸ್ತಿದ್ದೆ?"

ಕೆಲಸದವರನ್ನು ಎಷ್ಟು ತಗಲುತ್ತದೆ ಎಂದು ಕೇಳಬೇಡಿ, ನಿನ್ನದೇ ಮನೆಯಾದರೆ ಏನು ಮಾಡಿಸುತ್ತಿದ್ದೆ ಎಂದು ಕೇಳಿ. ಅರ್ಧ ಕೆಲಸ ಅಲ್ಲೇ ಬಿದ್ದುಹೋಗುತ್ತದೆ. ಹಾಗೆ ಕೇಳುತ್ತ, ಬರೆದುಕೊಳ್ಳುತ್ತ ಹೋದೆವು. ಮಾಡಿಗೆ ಎರಡೂಮುಕ್ಕಾಲು, ನೆಲಕ್ಕೆ ಒಂದೂಕಾಲು, ಅಡಿಗೆ ಮನೆಗೆ ಒಂದು, ಬಚ್ಚಲು ಸಂಡಾಸಕ್ಕೆ ಒಂದೂಕಾಲು, ಕರೆಂಟಿಗೆ ಮುಕ್ಕಾಲು, ಗೋಡೆ ಗಿಲಾವಿಗೆ ಒಂದು. ಒಟ್ಟು ಎಂಟು ಲಕ್ಷ. ಬಾವಿಯನ್ನೂ ನೋಡಿದೆ. ನೀರು ಚೆನ್ನಾಗಿತ್ತು. ಅಡಿಗೆ ಮನೆಯ ಕಿಟಕಿ ಪೂರ್ವಕ್ಕೆ.

ಕೊನೆಗೆ ಉಳಿದದ್ದು ತೊಲೆಯ ತುದಿ. ಒರಲೆ, ಅಂದರೆ ಗೆದ್ದಲು, ಮೊದಲು ತಿನ್ನುವುದು ತೊಲೆಯ ಗೋಡೆಯೊಳಗಿನ ತುದಿಯನ್ನು. ಹೊರಗೆ ಕಬ್ಬಿಣದ ಹಾಗೆ ಕಾಣುವ ಮರ ಒಳಗೆ ರವೆಯಾಗಿರುತ್ತದೆ. ಅದಕ್ಕೆ ನಾನು ಸೈಕಲ್ಲಿನ ಎರಡು ಕಡ್ಡಿ ಬೆಸೆದು ಉದ್ದ ಮಾಡಿದ ಒಂದು ಸಾಧನ ಇಟ್ಟುಕೊಂಡಿದ್ದೇನೆ. ತೊಲೆ ಮತ್ತು ಗೋಡೆಯ ಸಂದಿನಲ್ಲಿ ತೂರಿಸಿದರೆ ಒಂದಡಿ ಹೋಗುವಷ್ಟರಲ್ಲಿ ತೊಲೆ ಮುಗಿದು ಕಡ್ಡಿ ಮಣ್ಣಿಗೆ ತಾಗುತ್ತದೆ. ಬಲಗಡೆಯ ಗೋಡೆಯಲ್ಲಿ ಒಂಬತ್ತಕ್ಕೆ ಒಂಬತ್ತೂ ಹಾಗೇ ತಾಗಿತು. ಎಡಗಡೆಯ ಗೋಡೆಯಲ್ಲಿ, ಅಂದರೆ ಹಸಿರು ಮನೆಗೂ ಇದಕ್ಕೂ ನಡುವಿನ ಗೋಡೆಯಲ್ಲಿ, ಕಡ್ಡಿ ಒಂದಡಿ ಹೋಯಿತು, ಒಂದೂವರೆ ಹೋಯಿತು, ಪೂರ್ತಿ ಒಳಗೆ ಹೋಯಿತು. ತೊಲೆ ಮುಗಿಯಲೇ ಇಲ್ಲ. ಎರಡನೆಯದೂ ಹಾಗೇ. ಮೂರನೆಯದೂ.

"ಒಂದು ಹೊಡ್ತ ಹಾಕು ನೋಡ್ವಾ" ಎಂದೆ. ಗೌಂಡಿ ಸುತ್ತಿಗೆಯಿಂದ ತೊಲೆಗೆ ಜೋರಾಗಿ ಎರಡು ಬಾರಿಸಿದ.

ಗೋಡೆಯ ಆಚೆಯಿಂದ ಹೆಂಗಸಿನ ದನಿ ಬಂತು. "ಯಾರ್ರೀ ಅದು ನಮ್ಮ ಮನಿ ಬಡಿಯೋರು? ಸಾರಿನ್ಯಾಗ ಮಣ್ಣು ಬಿತ್ತಲ್ರಿ!"

ಎರಡು ನಿಮಿಷಕ್ಕೆ ಅಕ್ಕ ಸೌಟು ಹಿಡಿದುಕೊಂಡೇ ಬಂದರು. ನಾನು ಏಣಿಯ ಮೇಲೆ, ಕಡ್ಡಿ ಗೋಡೆಯೊಳಗೆ.

"ಅಕ್ಕಾ, ಈ ತೊಲೆ ಎಲ್ಲಿ ಮುಗೀತದೆ?"

ಅಕ್ಕ ನನ್ನನ್ನೂ ಕಡ್ಡಿಯನ್ನೂ ನೋಡಿದರು. ನಗು ತಡೆಯಲಿಕ್ಕಾಗಲಿಲ್ಲ ಅವರಿಗೆ. "ನಮ್ಮ ಅಡಿಗಿ ಮನಿ ಆಚೀ ಗ್ವಾಡಿಯಾಗ" ಎಂದರು.

ಕಥೆ ಇಷ್ಟೇ. ಅಜ್ಜನ ಕಾಲದಲ್ಲಿ ಎರಡೂ ಸೇರಿ ಒಂದೇ ಮನೆ. ಮಕ್ಕಳು ಪಾಲಾದಾಗ ನಡುವೆ ಗೋಡೆ ಎಬ್ಬಿಸಿದರು. ಗೋಡೆ ಎಬ್ಬಿಸಿದರೇ ಹೊರತು ತೊಲೆ ಕೊಯ್ಯಲಿಲ್ಲ. ಮೂವತ್ತಾರು ಅಡಿಯ ಒಂಬತ್ತು ತೊಲೆ ಎರಡೂ ಮನೆಯ ಮಾಡನ್ನು ಹೊತ್ತು ಇನ್ನೂ ಹಾಗೇ ಮಲಗಿವೆ. ನಾನು ಮೊದಲ ದಿನ ಗೋಡೆಯಿಂದ ಗೋಡೆಗೆ ಟೇಪು ಹಿಡಿದು ಹದಿನೆಂಟು ಅಡಿ ಎಂದು ಬರೆದುಕೊಂಡು ಹೋಗಿದ್ದೆ. ಅರ್ಧ ತೊಲೆಗೆ ನಂಬರು ಹಾಕಿದ್ದೆ.

"ನಾನು ನಿಮ್ಗೆ ಈ ಮನೆ ಮೇಲೆ ಪ್ರೀತಿ ಅಂದ್ಕೊಂಡಿದ್ದೆ" ಎಂದೆ.

"ಪ್ರೀತಿ? ಇದರ ಇಲಿ ಹಿಡದು ಹಿಡದು ನನ್ನ ಅರ್ಧ ಆಯುಷ್ಯ ಹೋಗೈತಿ ಭಾಯಿ! ನೀವು ಈ ಕಡೆ ತೊಲಿ ಕೊಯ್ದು ಒಯ್ದ್ರ ನನ್ನ ಒಲಿ ಮ್ಯಾಲ ಆಕಾಶ ಬೀಳತೈತಿ. ಆಗ ಕಂಬ ನಿಲ್ಲಿಸಿ ಮಾಡು ಹಿಡೀಲಿಕ್ಕೆ ನಾಕು ಲಕ್ಷ ಬೇಕು ಅಂತ ಎಸ್ಟಿಮೇಟ್ ಹಾಕ್ಸೀನಿ. ಬಿಚ್ಚೋನು ಅದನ್ನ ಕೊಟ್ಟು ಬಿಚ್ಚಲಿ."

ಅಂದರೆ ಎರಡು ಬೆಲೆಯ ನಡುವಿನ ಆ ನಾಲ್ಕು ಲಕ್ಷ ಮಮತೆಯೂ ಅಲ್ಲ, ಮೂರ್ಖತನವೂ ಅಲ್ಲ. ಗೌಂಡಿಯನ್ನು ಕೇಳಿದೆ. ಅವನು ಬೆರಳು ಮಡಚಿ, "ಮೂರೂಮುಕ್ಕಾಲು, ನಾಕು ಬೇಕೇ ಬೇಕು" ಎಂದ. ಆಕೆಯ ಲೆಕ್ಕ ನನ್ನ ಲೆಕ್ಕಕ್ಕಿಂತ ಗಟ್ಟಿಯಾಗಿತ್ತು. ಮಾರುವವರು ವಿಚಿತ್ರವಾದ ಬೆಲೆ ಹೇಳಿದರೆ ನಗಬೇಡಿ, ಸಿಟ್ಟಾಗಲೂಬೇಡಿ. ಆ ವಿಚಿತ್ರದ ಮೊತ್ತ ಎಷ್ಟೆಂದು ನೋಡಿ, ಅಷ್ಟಕ್ಕೆ ಆ ಮನೆಯಲ್ಲಿ ಏನು ಬರುತ್ತದೆ ಎಂದು ಹುಡುಕಿ. ನನಗೆ ಇದು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಗೊತ್ತಾಯಿತು.

ದಾರಿಯಲ್ಲಿ ಗೌಂಡಿ ಇನ್ನೊಂದು ಮಾತು ಹೇಳಿದ. "ಸಾವ್ಕಾರ್ರೇ, ಅವ್ರ ಮಾಡು ನಿಮ್ ಮೇಲೆ ನಿಂತದೆ ಅಂದ್ರೆ ನಿಮ್ಮದೂ ಅವ್ರ ಮೇಲೆ ನಿಂತದೆ ಅಲ್ದಾ? ನಾಳೆ ಅವ್ರು ಹಂಚು ತೆಗ್ದು ಸ್ಲ್ಯಾಬ್ ಹಾಕ್ತೆ ಅಂದ್ರೆ?" ಟೆಂಪೋದ ವೇಗ ತಾನಾಗಿ ಇಳಿಯಿತು. ಇದು ನನ್ನ ಖರ್ಚಿನ ಪಟ್ಟಿಯಲ್ಲಿ ಇರಲಿಲ್ಲ. ನಡುಗೋಡೆಯ ಉದ್ದಕ್ಕೂ ಈಗಲೇ ಕಂಬ ಎಬ್ಬಿಸಿ ಅದರ ಮೇಲೆ ಒಂದು ಬೀಮು ಕೂರಿಸಿದರೆ ಇಬ್ಬರ ಮಾಡೂ ಸ್ವತಂತ್ರ. ಎರಡೂ ಮಾಡು ನಿಂತಿರುವಾಗಲೇ ಮಾಡಿದರೆ ಕೆಲಸ ಎರಡೂವರೆ ಲಕ್ಷದಲ್ಲಿ ಮುಗಿಯುತ್ತದೆ ಎಂದ. ಅರ್ಧ ಅವರು ಹಾಕಿದರೆ ನನಗೆ ಒಂದೂಕಾಲು. ಈಗ ಲೆಕ್ಕ ಸ್ಪಷ್ಟವಾಯಿತು. ಮೂವತ್ತರಲ್ಲಿ ಎಂಟು ಹೋಯಿತು, ಒಂದೂಕಾಲು ಹೋಯಿತು, ಉಳಿದದ್ದು ಇಪ್ಪತ್ತೂಮುಕ್ಕಾಲು. ಮನೆಗೆ ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡುವ ಹಾಗಿಲ್ಲ. ಆಕೆ ಹೇಳಿದ್ದು ಇಪ್ಪತ್ನಾಲ್ಕು.

ಹನ್ನೊಂದನೆಯ ದಿನ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಹಸಿರು ಮನೆಯ ಜಗಲಿಯಲ್ಲಿ ಕೂತೆವು. ಅಕ್ಕ ನನ್ನ ಹೆಂಡತಿಯನ್ನು "ಬರ್ರಿ ತಂಗಿ" ಎಂದು ಒಳಗೆ ಕರೆದು, ಅಡಿಗೆ ಮನೆ ತೋರಿಸಿ, ಅಲ್ಲಿಂದ ಖಾಲಿ ಮನೆಗೂ ಕರೆದೊಯ್ದು ಅರ್ಧ ಗಂಟೆ ಬಿಟ್ಟು ಬಂದರು. ಇಬ್ಬರ ಮುಖದಲ್ಲೂ ನಗು. ವ್ಯಾಪಾರಕ್ಕೆ ಮೊದಲು ಹೆಂಗಸರು ಸ್ನೇಹಿತರಾದರೆ ಗಂಡಸಿನ ಕೈ ಕಟ್ಟಿಹೋಗುತ್ತದೆ, ಅದು ನನಗೆ ಗೊತ್ತಿತ್ತು. ಆದರೂ ಶುರು ಮಾಡಿದೆ.

"ಹದಿನೆಂಟು ಅಕ್ಕಾ."

"ಹದಿನೆಂಟಕ್ಕ ಬಾವಿ ಕೊಡತೀನಿ, ಒಯ್ರಿ."

"ಕಂಬ ಎಬ್ಬಿಸೂ ಖರ್ಚು ಅದೆ."

"ನೀವು ಇರೋರು ಅಂದ್ರಲ್ಲ? ಇರೋರಿಗೆ ಕಂಬ ಯಾಕ?"

"ನಾನು ಇರ್ತೇನೆ. ನೀವು ನಾಳೆ ಸ್ಲ್ಯಾಬ್ ಹಾಕಿದ್ರೆ ನನ್ನ ಮಾಡು ಎಲ್ಲಿ ಇರ್ತದೆ?"

ಅಕ್ಕ ಸೆರಗು ಸರಿ ಮಾಡಿಕೊಂಡರು. ದೊಡ್ಡ ತಮ್ಮನಿಗೆ ಮಹಡಿ ಎಬ್ಬಿಸುವ ಆಸೆ ಇತ್ತೆಂದು ಆಮೇಲೆ ತಿಳಿಯಿತು. "ಅದನ್ನ ನಾವು ಯೋಚನಿ ಮಾಡಿರಲಿಲ್ಲ ನೋಡ್ರಿ" ಎಂದರು. "ಇಪ್ಪತ್ಮೂರು."

ನಾನು ಹತ್ತೊಂಬತ್ತೂವರೆ ಎಂದೆ. ಆಕೆ ಇಪ್ಪತ್ತೆರಡು. ನಾನು ಇಪ್ಪತ್ತು. ಚಹಾ ಬಂತು. ಕಂಬದ ಖರ್ಚು ಅರ್ಧರ್ಧ ಎಂದು ಒಪ್ಪಿದರು. "ಇಪ್ಪತ್ತೊಂದು, ಇನ್ನ ಇಳಿಯಂಗಿಲ್ಲ, ಮೂರು ಪಾಲು ಆಗಬೇಕು" ಎಂದರು. ನಾನು ಚಹಾ ಕುಡಿದು, ಲೋಟ ಕೆಳಗಿಟ್ಟು, ಕಷ್ಟದಿಂದ ಹೇಳುವವನ ಹಾಗೆ, "ಇಪ್ಪತ್ತೂಮುಕ್ಕಾಲು" ಎಂದೆ.

"ಪೌಣೆ ಇಪ್ಪತ್ತೊಂದು" ಎಂದು ಅವರು ತಮ್ಮ ಭಾಷೆಗೆ ತಿರುಗಿಸಿಕೊಂಡರು. ಕಾಲು ಕಡಿಮೆ ಇಪ್ಪತ್ತೊಂದು. "ಆತು ತಗೋರಿ. ನೋಂದಣಿ ಖರ್ಚು ನಿಮ್ದು, ಗೊತ್ತೈತಲ್ಲ?"

"ಯಾವ ಖರ್ಚು?"

"ನೋಂದಣಿ ಭಾಯಿ. ಸ್ಟ್ಯಾಂಪು, ಫೀ. ಒಂದೂವರಿ ಹತ್ರ ಬರತೈತಿ."

ಮನಸ್ಸಿನಲ್ಲೇ ಮತ್ತೊಮ್ಮೆ ಲೆಕ್ಕ ಹಾಕಿದೆ. ಮೂವತ್ತರಲ್ಲಿ ಒಂದು ಪೈಸೆ ಉಳಿದಿರಲಿಲ್ಲ.

"ಎಷ್ಟು ಮನಿ ತಗೊಂಡೀರಿ ಇಲ್ಲೀತನಕ?" ಅಕ್ಕ ಕೇಳಿದರು.

"ಎಪ್ಪತ್ತರ ಮೇಲೆ."

"ಒಂದಕ್ಕೂ ನೋಂದಣಿ ಮಾಡ್ಸಿಲ್ಲ?"

"ನಾನು ಸಾಮಾನು ತಗಳೂದು ಅಕ್ಕಾ. ಒಂದು ಗೇಣು ಜಾಗ ತಗಂಡಿಲ್ಲ ಇವತ್ತಿನವರೆಗೆ."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ಕ ಮುಚ್ಚಿಕೊಳ್ಳಲಿಲ್ಲ, ಓಣಿಗೆ ಕೇಳುವ ಹಾಗೆ ನಕ್ಕರು. ನನ್ನ ಪರಿಸ್ಥಿತಿಯಲ್ಲಿ ಇನ್ನೊಬ್ಬನಿದ್ದರೆ ನಾನೂ ನಗುತ್ತಿದ್ದೆ. ಬಾಗಿಲಿನ ತಿರುಗಣಿಯ ಮೊಳೆಯನ್ನೂ ಬಿಡದೆ ಲೆಕ್ಕ ಹಿಡಿಯುವವನು, ಯಾವ ಗುಮಾಸ್ತನಿಗೂ ಗೊತ್ತಿರುವ ಖರ್ಚನ್ನು ಬಿಟ್ಟಿದ್ದೆ.

ವ್ಯಾಪಾರದಲ್ಲಿ ನನಗೆ ಒಂದೇ ಒಂದು ನಿಯಮ ಇತ್ತು. ಜೇಬಿನಲ್ಲಿ ಎಷ್ಟಿದೆ ಎಂದು ಮಾರುವವರಿಗೆ ಹೇಳಕೂಡದು. ಬೇರೆಯವರಿಗೂ ಇದನ್ನೇ ಹೇಳಿಕೊಂಡು ಬಂದಿದ್ದೇನೆ. ಅಂದು ಬೇರೆ ದಾರಿ ಕಾಣಲಿಲ್ಲ. ಜೇಬಿನಿಂದ ರಿಪೇರಿಯ ಪಟ್ಟಿ ತೆಗೆದು ಅಕ್ಕನ ಮುಂದೆ ಬಿಡಿಸಿಟ್ಟೆ. "ನಮ್ಮ ಹತ್ರ ಇರೂದೇ ಮೂವತ್ತು. ಇದು ಖರ್ಚು. ಎಲ್ಲಿ ಕಡಿಮೆ ಆಗ್ತದೆ ನೀವೇ ಹೇಳಿ. ಆಗದಿದ್ರೆ ಎದ್ದು ಹೋಗ್ತೇವೆ."

ಅಕ್ಕ ಕನ್ನಡಕ ಹಾಕಿಕೊಂಡರು. ಬೆಲೆ ಇಳಿಸುತ್ತಾರೆ ಎಂದು ನಾನು ಕಾದೆ. ಅವರು ಬೆಲೆಯ ಸುದ್ದಿಗೇ ಹೋಗಲಿಲ್ಲ. ಪಟ್ಟಿಯ ಮೇಲೆ ಬೆರಳಿಟ್ಟರು.

"ಮಾಡು ಪೂರ್ತಿ ಇಳಸೋದು ಯಾಕ? ಪಶ್ಚಿಮದ ಕಡೆ ಹೋದ ಬ್ಯಾಸಗಿಯಾಗ ರೀಪು, ಹಂಚು ಎಲ್ಲ ಹೊಸಾದು ಹಾಕ್ಸೀವಿ. ಸೋರೋದು ಪೂರ್ವದ ಕಡೆ ಅಷ್ಟ."

ಮೂವತ್ತೊಂದು ಚುಕ್ಕಿಯನ್ನು ನೆನಪಿನಲ್ಲಿ ಮತ್ತೆ ನೋಡಿದೆ. ಎಲ್ಲವೂ ಪೂರ್ವದ ಎರಡು ಕೋಣೆಗಳಲ್ಲೇ ಬಿದ್ದಿದ್ದವು. ಎಣಿಸಿದ್ದೆವು, ಎಲ್ಲಿ ಎಂದು ನೋಡಿರಲಿಲ್ಲ. ಇಳಿಸುವುದೆಂದರೆ ಪೂರ್ತಿ ಇಳಿಸುವುದೇ ನಮಗಿಬ್ಬರಿಗೂ ರೂಢಿ. ಅಲ್ಲಿ ಅರವತ್ತು ಸಾವಿರ ಉಳಿಯಿತು.

"ಕಲ್ಲು, ಮರಳು, ಸಿಮೆಂಟು ನಮ್ಮ ಲಾರಿಯಾಗ ಬರತೈತಿ, ಡೀಸೆಲ್ ಹಾಕ್ರಿ ಸಾಕು." ಇಪ್ಪತ್ತು ಸಾವಿರ.

ಇಷ್ಟಾದಾಗ ಹೆಂಡತಿ ಬಾಯಿ ಬಿಟ್ಟಳು. "ನೆಲಕ್ಕೆ ಟೈಲ್ಸ್ ಬೇಡ. ಆ ಕೆಂಪು ನೆಲ ಗಟ್ಟಿ ಅದೆ, ನಾನು ನೋಡಿದೆ. ಬಿರುಕು ಮುಚ್ಚಿ ತಿಕ್ಕಿದ್ರೆ ಸಾಕು." ಟೈಲ್ಸಿನ ಆಸೆ ಅವಳಿಗೆ ಹತ್ತೊಂಬತ್ತು ವರ್ಷದ್ದು. ನಾನು ಅವಳ ಮುಖ ನೋಡಿದೆ, ಅವಳು ಪಟ್ಟಿ ನೋಡುತ್ತಿದ್ದಳು. ಮೂವತ್ತು ಸಾವಿರ ತಿಕ್ಕುವುದಕ್ಕೆ ಬಿಟ್ಟರೂ ತೊಂಬತ್ತೈದು ಉಳಿಯಿತು.

ಇಷ್ಟೆಲ್ಲ ಆಗಿ ಒಂದೂಮುಕ್ಕಾಲು ಲಕ್ಷ ಸಿಕ್ಕಿತು. ನೋಂದಣಿಯ ಒಂದೂವರೆ ಕಳೆದು ಇಪ್ಪತ್ತೈದು ಸಾವಿರ ಉಳಿತಾಯ ಎಂದು ಇಬ್ಬರೂ ಹೆಂಗಸರು ನಿಟ್ಟುಸಿರು ಬಿಡುವಷ್ಟರಲ್ಲಿ ನನಗೆ ಒಂದು ಸಂಶಯ ಬಂತು. "ಕರೆಂಟ್ ಮೀಟರು ಯಾರ ಹೆಸರಲ್ಲಿ ಅದೆ? ಮನೆ ತೆರಿಗೆ ಮೂರು ವರ್ಷದ್ದು ಕಟ್ಟೀರಾ?"

ಅಕ್ಕ ಕನ್ನಡಕದ ಮೇಲಿಂದ ನೋಡಿದರು. "ಈಗ ಇರೋ ಮನಶಾ ಆದ್ರಿ ನೋಡ್ರಿ ನೀವು" ಎಂದರು. ತೆರಿಗೆ ತಾವೇ ಕಟ್ಟುವುದಾಗಿ ಒಪ್ಪಿದರು. ಮೀಟರು ಸತ್ತುಹೋದ ಚಿಕ್ಕಪ್ಪನ ಹೆಸರಲ್ಲೇ ಇತ್ತು, ಸಂಪರ್ಕ ಕಡಿದು ಎರಡು ವರ್ಷವಾಗಿತ್ತು. ಅದರ ಓಡಾಟ, ಹೊಸ ಸಂಪರ್ಕ, ಖರೀದಿ ಪತ್ರ ಬರೆಯುವವರ ಫೀ ಎಲ್ಲ ಸೇರಿ ಆ ಇಪ್ಪತ್ತೈದನ್ನೂ ನುಂಗಿ ಇನ್ನೂ ನಲವತ್ತು ಸಾವಿರ ಕೇಳುವಂತಿತ್ತು. ಅಕ್ಕ ಪೌಣೆ ಇಪ್ಪತ್ತೊಂದರಿಂದ ಅಲ್ಲಾಡಲಿಲ್ಲ. ಅಲ್ಲಾಡಬೇಕಾಗಿಯೂ ಇರಲಿಲ್ಲ, ಆಕೆಯ ಜಾಗದಲ್ಲಿ ನಾನಿದ್ದರೂ ಅಷ್ಟರಲ್ಲೇ ನಿಲ್ಲುತ್ತಿದ್ದೆ. ನಾನು ಪಟ್ಟಿ ತೆಗೆದುಕೊಂಡು, ಬಚ್ಚಲಿನ ಸಾಲಿನಲ್ಲಿ ಸಂಡಾಸವನ್ನು ಉಳಿಸಿ ಬಚ್ಚಲನ್ನು ಹೊಡೆದುಹಾಕಿದೆ. ಹಂಡೆ ಒಲೆಯೂ ಇತ್ತು, ಕಲ್ಲಿನ ಹಾಸೂ ಇತ್ತು, ಸ್ನಾನವಂತೂ ಆಗುತ್ತದೆ.

"ಪೌಣೆ ಇಪ್ಪತ್ತೊಂದು" ಎಂದು ನಾನೂ ಅವರ ಮಾತಿನಲ್ಲೇ ಹೇಳಿದೆ.

ನಾವು ಈ ಮನೆಗೆ ಬಂದು ಒಂದು ವರ್ಷದ ಮೇಲಾಯಿತು. ಕಂಬ ಎದ್ದಿದೆ, ಬೀಮು ಕೂತಿದೆ. ಇನ್ನು ತೊಲೆಯನ್ನು ಗೋಡೆಯ ಹತ್ತಿರ ಕೊಯ್ದು ಎರಡು ಮಾಡಬಹುದು ಎಂದು ಗೌಂಡಿ ಗರಗಸ ತಂದಿದ್ದ. ಮೂವತ್ತಾರು ಅಡಿಯ ಮತ್ತಿ ಈಗ ಎಲ್ಲಿಯೂ ಸಿಗುವುದಿಲ್ಲ, ಎರಡು ತುಂಡಾದರೆ ಬೆಲೆ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ ಎಂದು ನಾನು ತಡೆದೆ. ಅಕ್ಕನಿಗೂ ಅದೇ ಲೆಕ್ಕ ತಿಳಿದಿತ್ತು. ಅವರ ಮನೆಯ ಮಿಕ್ಸಿ ತಿರುಗಿದರೆ ತೊಲೆಯ ಮೂಲಕ ನಮ್ಮ ಕೋಣೆಗೆ ಗುಂಯ್ ಎಂದು ಬರುತ್ತದೆ. ಏನು ರುಬ್ಬುತ್ತಿದ್ದಾರೆ ಎಂದು ಊಹಿಸುವುದು ನನಗೊಂದು ಹವ್ಯಾಸವಾಗಿದೆ.

ಹಳೆ ಮನೆ ಕೊಳ್ಳಲು ಹೊರಟ ಪರಿಚಯದವರು ಈಗ ನನ್ನನ್ನು ಕೇಳಲು ಬರುತ್ತಾರೆ. ನಾನು ಅವರನ್ನು ಜಗಲಿಯಲ್ಲಿ ಕೂರಿಸಿಕೊಂಡು ಮಧ್ಯಾಹ್ನದ ಕತ್ತಲೆಯಿಂದ ಹಿಡಿದು ನೋಂದಣಿಯವರೆಗೆ ಒಂದೂ ಬಿಡದೆ ಹೇಳುತ್ತೇನೆ. ಕೊನೆಯಲ್ಲಿ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ: "ಅಂತೂ ನಿಮ್ಗೆ ಈ ಮನೆ ಒಟ್ಟು ಎಷ್ಟಕ್ಕೆ ಬಿತ್ತು?"

"ಮೂವತ್ತು" ಎನ್ನುತ್ತೇನೆ ನಾನು.

ಒಳಗಿನಿಂದ ಹೆಂಡತಿ ಸೇರಿಸುತ್ತಾಳೆ: "ಬಚ್ಚಲು ಬಿಟ್ಟು."